ಯುಗಾದಿ ಹೊತ್ತಿಗೆ ಗುಡ್ಡಳ್ಳಿ ಹತ್ತಬಹುದಾ? ದಾರಿ, ನೀರು, ಸೆಕೆ, ಉಣುಗು (ಉಣ್ಣೆ ಹುಳ): ಗೊತ್ತಿದ್ದವರು ಹೇಳಿ

ಧಾರವಾಡದ ದಾರಿಹೋಕ

ಎಲ್ಲರಿಗೂ ನಮಸ್ಕಾರ ರೀ. ಯುಗಾದಿ ರಜೆಗೆ ನಾವು ನಾಲ್ಕು ಮಂದಿ ಕಾರವಾರಕ್ಕೆ ಬರುವವರಿದ್ದೇವೆ. ಒಂದು ದಿನ ಊರ ಪಕ್ಕದ ಗುಡ್ಡಳ್ಳಿ ಗುಡ್ಡ ಹತ್ತುವುದು, ಮರುದಿನ ಯಾಣ ನೋಡಿ ಶಿರಸಿ ಮೇಲೆ ವಾಪಸ್ ಹೋಗುವುದು ಅಂತ ಲೆಕ್ಕ. ಹಬ್ಬುವಾಡದ ಕಡೆಯಿಂದ ಸುಮಾರು 6 ಕಿ.ಮೀ., ತುದಿ 1800 ಅಡಿ ಆಸುಪಾಸು ಅಂತ ಓದಿದೆ. ಏರು ಕಡಿದಾಗಿದೆ ಅಂತಲೂ ಕೇಳಿದೆ.

ಮಳೆಗಾಲದಲ್ಲಿ ಘಟ್ಟ ಹತ್ತಿದ ರೂಢಿ ನಮಗಿದೆ. ಈಗ ಕೆಸರಿಲ್ಲ, ಇಂಬಳ (ಜಿಗಣೆ) ಇಲ್ಲ, ಹಾಗಾಗಿ ಸಲೀಸು ಅಲ್ವಾ? ನಾಲ್ವರಲ್ಲಿ ಒಬ್ಬರು ನಮ್ಮ ಸೋದರಮಾವ. ಅರವತ್ತರ ಹತ್ತಿರ. ಬಿಪಿ ಗುಳಿಗೆ ತಗೊಳ್ಳುತ್ತಾರೆ, ಆದರೆ ದಿನಾ ನಡೆಯುವ ಮನುಷ್ಯ.

ದಾರಿ ಈಗ ಹೇಗಿದೆ? ಮೇಲೆ ನೀರು ಸಿಗುತ್ತದಾ? ಬೆಳಿಗ್ಗೆ ನಾಷ್ಟಾ ಮುಗಿಸಿ ಒಂಬತ್ತಕ್ಕೆ ಶುರು ಮಾಡಿದರೆ ಮಧ್ಯಾಹ್ನ ಮೀನೂಟಕ್ಕೆ ಇಳಿಯಬಹುದಾ?

ಹಬ್ಬುವಾಡ ತಿರುವು

ಒಂಬತ್ತಕ್ಕೆ ಶುರು ಮಾಡಿದರೆ ಇಳಿದು ನೇರ ಸಲೈನ್ ಹಾಕಿಸಿಕೊಳ್ಳಬೇಕಾದೀತು ಮಾರಾಯ್ರೆ. ಮೀನೂಟ ರಾತ್ರಿಗೆ ಇಟ್ಟುಕೊಳ್ಳಿ.

ಮೊದಲು ಎತ್ತರದ ವಿಷಯ. ಘಟ್ಟದ ಮೇಲಿನ ಊರುಗಳಲ್ಲಿ ಗುಡ್ಡ ಹತ್ತುವಾಗ ಅರ್ಧ ಎತ್ತರ ಬಸ್ಸೇ ಹತ್ತಿಸಿರುತ್ತದೆ. ಇಲ್ಲಿ ನೀವು ಗಾಡಿ ಬಿಟ್ಟು ಇಳಿಯುವ ಜಾಗವೇ ಹೆಚ್ಚುಕಮ್ಮಿ ಸಮುದ್ರ ಮಟ್ಟ. 1800 ಅಡಿ ಅಂದರೆ ಪೂರಾ 1800 ಅಡಿ, ಎಲ್ಲವೂ ನಿಮ್ಮ ಕಾಲಿನ ಲೆಕ್ಕಕ್ಕೇ. ಚಳಿಗಾಲದಲ್ಲಿ ಅಭ್ಯಾಸ ಇದ್ದವರಿಗೆ ಎರಡೂವರೆ ಗಂಟೆ ಸಾಕು. ಈಗಿನ ಸೆಕೆಗೆ ಮೂರು, ಮೂರೂವರೆ ಅಂತಿಟ್ಟುಕೊಳ್ಳಿ. ಮಾವನವರ ಜೊತೆ ಇನ್ನೂ ಸ್ವಲ್ಪ ಜಾಸ್ತಿ.

ಇನ್ನೊಂದು. ಗುಡ್ಡ ಇರುವುದು ಊರಿನ ಮೂಡು ಬದಿಗೆ. ನೀವು ಹತ್ತುವ ಮೈ ಸಮುದ್ರದ ಕಡೆ ಮುಖ ಮಾಡಿಕೊಂಡಿದೆ. ಯುಗಾದಿ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆ ಸುಮಾರಿಗೆ. ಆದರೆ ಬಿಸಿಲು ಗುಡ್ಡದ ತಲೆ ದಾಟಿ ನಿಮ್ಮ ಮೈಮೇಲೆ ಬೀಳಲು ಎಂಟು, ಎಂಟೂವರೆ ಆಗುತ್ತದೆ. ಆ ಎರಡು ಗಂಟೆ ನೆರಳು ಪುಕ್ಕಟೆ ಸಿಗುವಂಥದ್ದು, ಅದನ್ನು ಬಿಟ್ಟು ಇಡ್ಲಿ ತಿನ್ನುತ್ತಾ ಕೂರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮಧ್ಯಾಹ್ನದ ನಂತರ ಅದೇ ಮೈಗೆ ಬಿಸಿಲು ನೆಟ್ಟಗೆ ಹೊಡೆಯುತ್ತದೆ. ಕೆಂಪು ಕಲ್ಲು ಕಾದು ಕೆಳಗಿನಿಂದಲೂ ಬಿಸಿ ಬರುತ್ತದೆ. ಆಗ ಆ ಇಳಿಜಾರಿನಲ್ಲಿ ಇರಲೇಬಾರದು.

ಐದೂಮುಕ್ಕಾಲಿಗೆ ಟಾರ್ಚ್ ಹಿಡಿದು ಬುಡದಲ್ಲಿರಿ. ಒಂಬತ್ತೂವರೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ತುದಿ ಮುಟ್ಟಿದಿರೋ ಇಲ್ಲವೋ ಅದು ಬೇರೆ ಮಾತು.

ನೀರು: ಮಳೆಗಾಲದಲ್ಲಿ ದಾರಿಯುದ್ದಕ್ಕೂ ಹರಿಯುವ ಸಣ್ಣ ಹಳ್ಳಗಳು ಈಗ ಬರೀ ಕಲ್ಲು. ಮೇಲೆ ಮನೆಗಳಿವೆ, ಕೇಳಿದರೆ ನೀರು ಕೊಡದವರು ಯಾರೂ ಇಲ್ಲ. ಹಾಗಂತ ಬೇಸಿಗೆಯಲ್ಲಿ ಅವರ ಕೊಡಪಾನ ನಂಬಿಕೊಂಡು ಹೊರಡಬೇಡಿ. ಒಬ್ಬರಿಗೆ ಮೂರು ಲೀಟರ್, ಹೊತ್ತುಕೊಂಡೇ ಹೋಗಿ.

ಧಾರವಾಡದ ದಾರಿಹೋಕ

ಇಷ್ಟು ವಿವರ ಕೊಟ್ಟಿದ್ದಕ್ಕೆ ಧನ್ಯವಾದ ರೀ. ಆದರೆ ಒಂದು ಮಾತು. ಮೊಬೈಲ್ ತೆಗೆದರೆ ಕಾರವಾರದಲ್ಲಿ 33, 34 ಡಿಗ್ರಿ ಅಂತ ತೋರಿಸುತ್ತಿದೆ. ನಮ್ಮಲ್ಲಿ ಬೇಸಿಗೆಗೆ 38 ದಾಟುತ್ತದೆ. ನಮಗೆ ಬಿಸಿಲು ಹೊಸದಲ್ಲ.

ಕಡಲಗಾಳಿ

ಬಿಸಿಲು ನಿಮಗೆ ಹೊಸದಲ್ಲ, ಸೆಕೆ ಹೊಸದು. ಧಾರವಾಡದಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ, ಆರುವಾಗ ಮೈ ತಣ್ಣಗಾಗುತ್ತದೆ. ನಮ್ಮಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ, ಅಂಗಿಯಿಂದ ತೊಟ್ಟಿಕ್ಕುತ್ತದೆ. ಮೈಯ ಬಿಸಿ ಒಳಗೇ ಉಳಿಯುತ್ತದೆ, ನೀರು ಮತ್ತು ಉಪ್ಪು ಮಾತ್ರ ಹೊರಗೆ ಹೋಗುತ್ತದೆ. ಅದಕ್ಕೇ ಹವಾಮಾನ ಇಲಾಖೆಯವರು ಬಯಲು ಸೀಮೆಗೆ 40 ಡಿಗ್ರಿ ಆದ ಮೇಲೆ ಬಿಸಿಗಾಳಿಯ ಲೆಕ್ಕ ಶುರು ಮಾಡಿದರೆ, ಕರಾವಳಿಗೆ 37ಕ್ಕೇ ಶುರು ಮಾಡುತ್ತಾರೆ.

ಇನ್ನೊಂದು ವಿಚಿತ್ರ ಇದೆ. ಕರಾವಳಿಯ ಅತಿ ಕೆಟ್ಟ ದಿನಗಳು ಮೇ ತಿಂಗಳಲ್ಲೇ ಬರಬೇಕು ಅಂತೇನಿಲ್ಲ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಕೆಲವು ದಿನ ಮೂಡಣ ಗಾಳಿ ಜೋರಾಗಿರುತ್ತದೆ. ಘಟ್ಟ ಇಳಿದು ಬರುವ ಒಣ ಬಿಸಿ ಗಾಳಿ. ಅದು ಸಮುದ್ರದ ಗಾಳಿಯನ್ನು ಒಳಗೆ ಬರಲು ಬಿಡುವುದಿಲ್ಲ. ಮಾಮೂಲಿ ದಿನ ಹನ್ನೊಂದು, ಹನ್ನೆರಡಕ್ಕೆ ಕಡಲ ಗಾಳಿ ಎದ್ದು ಸ್ವಲ್ಪ ಜೀವ ಬರುತ್ತದೆ. ಮೂಡಣ ಗಾಳಿಯ ದಿನ ಎರಡಾದರೂ ಕಡಲ ಗಾಳಿಯ ಸುಳಿವಿರುವುದಿಲ್ಲ. ಹಿಂದಿನ ಸಂಜೆ ಕಡಲ ದಂಡೆಗೆ ಹೋಗಿ ನೋಡಿ. ಗಾಳಿ ಭೂಮಿ ಕಡೆಯಿಂದಲೇ ಬೀಸುತ್ತಿದ್ದರೆ ಮರುದಿನದ ಗುಡ್ಡ ಬಿಡಿ, ದಂಡೆಯಲ್ಲೇ ಕೂತು ಭೇಲ್ ತಿನ್ನಿ.

ಅಂದಹಾಗೆ, ಬರೀ ನೋಟಕ್ಕೆ ಅಂತ ಬರುವುದಾದರೆ ಮಾರ್ಚ್ ಅಷ್ಟು ಚಂದ ಅಲ್ಲ. ಮಬ್ಬು ಇರುತ್ತದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಕಂಡೀತು, ಕೂರ್ಮಗಡ, ದೇವಗಡ ದ್ವೀಪಗಳು ಕಂಡರೂ ಕಾಣಬಹುದು. ಅಕ್ಟೋಬರ್ ಕೊನೆಗೆ ಮಳೆ ತೊಳೆದ ಆಕಾಶದಲ್ಲಿ ಕಾಣುವಂತೆ ಕಾಣುವುದಿಲ್ಲ. ಡ್ರೋನ್ ತರುವ ಯೋಚನೆ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಪಕ್ಕದಲ್ಲೇ ಕದಂಬ ನೌಕಾನೆಲೆ. ಹಾರಿಸಿದರೆ ಯುಗಾದಿಯ ಬೇವು ಪೊಲೀಸ್ ಠಾಣೆಯಲ್ಲಿ.

ದರಕು ಬುಟ್ಟಿ

ನಾನು ಶಿರಸಿ ಕಡೆಯವನು. ಗುಡ್ಡಳ್ಳಿ ವಿಷಯ ಅಲ್ಲಿನವರೇ ಹೇಳಲಿ. ಆದರೆ ಕೆಸರಿಲ್ಲ, ಹಾಗಾಗಿ ಸಲೀಸು ಅನ್ನುವ ಮಾತಿಗೆ ಉತ್ತರ ಕೊಡದೆ ಇರಲು ಆಗಲ್ಲ.

ಕೆಸರಿನಲ್ಲಿ ಕಾಲು ಹೂಳುತ್ತದೆ, ಜಾರುವ ಮೊದಲು ಗೊತ್ತಾಗುತ್ತದೆ. ದರಕು, ಅಂದರೆ ಉದುರಿದ ಒಣ ಎಲೆ, ಹಾಗಲ್ಲ. ಜನವರಿಯಿಂದ ಎಲೆ ಉದುರಲು ಶುರುವಾದರೆ ಮಾರ್ಚ್ ಹೊತ್ತಿಗೆ ಇಳಿಜಾರಿನಲ್ಲಿ ಗೇಣು ದಪ್ಪ ಒಣ ಎಲೆ. ಮೇಲಿನದು ಗರಿಗರಿ, ಕೆಳಗಿನದು ನುಣ್ಣಗೆ. ಮೇಲಿನ ಪದರ ಕೆಳಗಿನ ಪದರದ ಮೇಲೆ ಜಾರುತ್ತದೆ, ಅದರ ಜೊತೆ ನೀವೂ. ಶೂ ಎಷ್ಟು ದುಬಾರಿ ಆದರೇನು, ಅಡಿಯ ಹಲ್ಲು ನೆಲ ಮುಟ್ಟಿದರೆ ತಾನೇ ಹಿಡಿಯುವುದು?

ಅದಕ್ಕಿಂತ ಕೆಟ್ಟದ್ದು ದರಕಿನ ಅಡಿ ಏನಿದೆ ಅನ್ನುವುದು. ಹೋದ ಮಳೆಗಾಲದಲ್ಲಿ ನೀರು ಕೊರೆದ ಕೊರಕಲು, ಬೇರಿನ ಕೆಳಗಿನ ಪೊಟರೆ, ಅಲ್ಲಾಡುವ ಕಲ್ಲು, ಎಲ್ಲವನ್ನೂ ಎಲೆ ಮುಚ್ಚಿ ಸಪಾಟು ಮಾಡಿರುತ್ತದೆ. ಅಂಚಿನಲ್ಲಿ ದಾರಿ ಇದ್ದಂತೆ ಕಾಣುತ್ತದೆ, ಕೆಳಗೆ ಮಣ್ಣೇ ಇರುವುದಿಲ್ಲ. ಕಾಲು ಮುರಿಯುವುದು ಇಲ್ಲೇ. ಹತ್ತುವಾಗಲ್ಲ, ಇಳಿಯುವಾಗ.

ನಮ್ಮ ಕಡೆ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುತ್ತಾರೆ. ತಲೆ ಮೇಲೆ ಆಳೆತ್ತರದ ಬುಟ್ಟಿ ಇಟ್ಟುಕೊಂಡು ಇದೇ ಇಳಿಜಾರು ಇಳಿಯುವ ಹೆಂಗಸರನ್ನು ನೋಡಿ. ಹಿಮ್ಮಡಿ ಊರುವುದೇ ಇಲ್ಲ. ಪಾದ ಸ್ವಲ್ಪ ಅಡ್ಡ ತಿರುಗಿಸಿ, ಎಲೆಯನ್ನು ಕಾಲಿನಿಂದಲೇ ಸರಿಸಿ, ನೆಲ ಸಿಕ್ಕ ಮೇಲೆ ಭಾರ ಹಾಕುತ್ತಾರೆ. ಹೆಜ್ಜೆ ಗೇಣುದ್ದ. ಇದನ್ನು ಕಲಿಸುವ ವಿಡಿಯೊ ಯಾವುದೂ ನಾನು ಕಂಡಿಲ್ಲ, ಸುಮ್ನೆ ಅವರ ಹಿಂದೆ ಹತ್ತು ನಿಮಿಷ ನಡೆದರೆ ಬರುತ್ತದೆ. ದರಕು ಗುಡಿಸಿದ ಬೆಟ್ಟ ಸಿಕ್ಕರೆ ಆ ದಾರಿಯನ್ನೇ ಹಿಡಿಯಿರಿ.

ಕೈಯಲ್ಲಿ ಬಿದಿರ ಕೋಲು ಇರಲಿ. ಮುಂದೆ ಕುಟ್ಟಿ ನೋಡಿ ಕಾಲಿಡಿ. ಆದರೆ ದಾರಿ ಪಕ್ಕ, ಬಿದಿರ ಮೆಳೆಯ ಬುಡದಲ್ಲಿ, ಯಾರೋ ಬೇಕೆಂದೇ ಒಟ್ಟಿದ ಹಾಗೆ ದರಕಿನ ಗುಡ್ಡೆ ಕಂಡರೆ ಕೋಲು ಹಾಕಲೇಬೇಡಿ. ಕಾಳಿಂಗ ಸರ್ಪ ಮೊಟ್ಟೆ ಇಡಲು ಎಲೆ ಒಟ್ಟಿಕೊಳ್ಳುತ್ತದೆ. ಮಾರ್ಚ್‌ನಿಂದ ಅವು ಜೊತೆ ಹುಡುಕಿಕೊಂಡು ಓಡಾಡುತ್ತವೆ, ಏಪ್ರಿಲ್ ಆದ ಮೇಲೆ ಗೂಡು. ಹೆಣ್ಣು ಗೂಡಿನ ಮೇಲೇ ಕೂತು ಕಾಯುತ್ತದೆ. ತಾನಾಗಿ ಬಂದು ಕಚ್ಚುವ ಹಾವಲ್ಲ ಅದು. ಗೂಡು ಕೆದಕಿದರೆ ಮಾತ್ರ ಕಥೆ ಬೇರೆ.

ಶಾಲ್ಮಲೆ

ದರಕು ಬುಟ್ಟಿ ಭಾವ, ಪಾಪ ಅವರು ರಜೆಗೆ ಬರುವವರು, ಕಾಳಿಂಗ ಎಲ್ಲ ಹೇಳಿ ಹೆದರಿಸಿಬಿಟ್ಟಿರಲ್ಲ 😄

ನಾನು ಹೇಳುವುದು ಬೇರೆ. ಮಳೆಗಾಲಕ್ಕಿಂತ ಈಗಲೇ ವಾಸಿ. 2009ರ ಅಕ್ಟೋಬರ್‌ನಲ್ಲಿ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. ಕಡವಾಡ ಕಾರವಾರದ ಪಕ್ಕದಲ್ಲೇ ಇದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೀರಿ. ಗಂಗಾವಳಿ ದಡದ ಹೆದ್ದಾರಿಯೇ ಮಣ್ಣಿನಡಿ ಹೋಯಿತು. ಈ ಗುಡ್ಡಗಳು ನೀರು ಕುಡಿದಾಗ ನಂಬಿಕಸ್ತವಲ್ಲ. ಬೇಸಿಗೆಯಲ್ಲಿ ಆ ಭಯವಾದರೂ ಇಲ್ಲ.

ಮತ್ತೆ ಈ ದಿನಗಳ ಚಂದವೇ ಬೇರೆ. ಬೂರುಗ ಹೂ ಮುಗಿಯುತ್ತಾ ಬಂದಿರುತ್ತದೆ, ಮುತ್ತುಗ ಕೆಂಪಗಿರುತ್ತದೆ. ಸುರಗಿ ಮರದ ಕೆಳಗೆ ಒಮ್ಮೆ ನಿಂತು ನೋಡಿ, ಹೂ ಕಾಣುವ ಮೊದಲೇ ಪರಿಮಳ ಬರುತ್ತದೆ. ಒಣಗಿದ ಮೇಲೂ ವಾಸನೆ ಬಿಡದ ಹೂ ಅದು. ಗೇರುಹಣ್ಣು ಇರುತ್ತದೆ. ಏಪ್ರಿಲ್ ನಡುವಿಗೆ ಬಂದರೆ ಕವಳಿ ಹಣ್ಣು. ಬರಬೇಡಿ ಅನ್ನಲು ಇಷ್ಟು ಕಾರಣ ಹುಡುಕುವವರು ಬನ್ನಿ ಅನ್ನಲೂ ಒಂದೆರಡು ಹೇಳಬಹುದಲ್ಲ?

ಹಬ್ಬುವಾಡ ತಿರುವು

ಬರಬೇಡಿ ಅಂತ ನಾನೆಲ್ಲಿ ಹೇಳಿದೆ ತಂಗಿ? ಬೇಗ ಬನ್ನಿ ಅಂದೆ.

ಆಸ್ಪತ್ರೆ ಅಕ್ಕ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು ನಾನು, ಸಿದ್ದಾಪುರ ಕಡೆ. ಇಂಬಳ ಇಲ್ಲ ಅಂತ ಖುಷಿಪಟ್ಟಿದ್ದೀರಿ. ಇಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಸುತ್ತದೆ, ಅಷ್ಟೇ. ಈಗ ಇರುವುದು ಉಣುಗು. ಅದರ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಂಗನ ಕಾಯಿಲೆ ಕೇಳಿರುತ್ತೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೂ ಹೆಸರು. ಹರಡುವುದು ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ, ಯಾಕಂದರೆ ಮರಿ ಉಣುಗುಗಳು ಒಣ ಎಲೆಯ ಮೇಲೆ ಜಾಸ್ತಿ ಇರುವುದು ಆಗಲೇ. ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರ, ಹೊನ್ನಾವರ ಕಡೆ ಇದರ ಕಾಟ ನೋಡಿದ್ದೇವೆ. 2024ರಲ್ಲಿ ಸಿದ್ದಾಪುರದಲ್ಲಿ ಪ್ರಕರಣ ತುಂಬ ಬಂದವು. ಕಾರವಾರದ ಗುಡ್ಡಕ್ಕೆ ಹೋದವರೆಲ್ಲರಿಗೂ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನೀವು ಮರುದಿನ ಘಟ್ಟ ಹತ್ತಿ ಶಿರಸಿ ಕಡೆ ಕಾಡಿಗೂ ಬರುವವರು, ಅದಕ್ಕೆ ಹೇಳುತ್ತಿದ್ದೇನೆ.

ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ. ಬಣ್ಣ ತಿಳಿಯಾದ ಉದ್ದ ಪ್ಯಾಂಟು ಹಾಕಿ, ಮೇಲೆ ಹತ್ತಿದರೆ ಕಾಣುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತೂರಿಸಿ. ನೋಡಲು ಚಂದ ಅಲ್ಲ, ಇರಲಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯಿಂದ ಡೆಪಾ ಎಣ್ಣೆ ಕೊಡುತ್ತಾರೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಕಂಡುಹಿಡಿದದ್ದು. ಕೈಕಾಲಿಗೆ ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತಿರ ಬರುವುದಿಲ್ಲ. ಬೆವರಿಗೆ ಹೋಗುತ್ತದೆ, ಮತ್ತೆ ಹಚ್ಚಬೇಕು.

ವಿಶ್ರಾಂತಿಗೆ ದರಕಿನ ಮೇಲೆ ಕೂರಬೇಡಿ, ಮಲಗಲೇಬೇಡಿ. ಬರೀ ಕಲ್ಲಿನ ಮೇಲೆ ಕೂರಿ. ಇಳಿದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿ ಹಿಂದೆ, ಮಂಡಿ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಬೀಡಿ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆದು ತೆಗೆಯಿರಿ. ಉಗುರಲ್ಲಿ ಒಡೆಯಬೇಡಿ.

ದಾರಿಯಲ್ಲಿ ಸತ್ತ ಮಂಗ ಕಂಡರೆ ಆ ಕಡೆ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಫೋಟೊ ತೆಗೆಯಲು ಹತ್ತಿರ ಹೋಗುವವರಿದ್ದಾರೆ, ಅದಕ್ಕೇ ಹೇಳಿದೆ. ಮಂಗ ಸತ್ತ ಜಾಗದಲ್ಲಿ ಅದರ ಮೈಯಿಂದ ಉದುರಿದ ಉಣುಗು ರಾಶಿ ಇರುತ್ತವೆ.

ಊರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ಒಮ್ಮೆಲೇ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಮೊದಲ ಮಾತೇ ಉತ್ತರ ಕನ್ನಡದ ಕಾಡಿಗೆ ಹೋಗಿದ್ದೆ ಅಂತಿರಲಿ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಸಾಮಾನ್ಯವಾಗಿ ಜ್ವರ ಶುರುವಾಗುತ್ತದೆ. ಧಾರವಾಡದಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಧಾರವಾಡದ ದಾರಿಹೋಕ

ಅಕ್ಕಾರ, ಇಷ್ಟು ನಮಗೆ ಗೊತ್ತೇ ಇರಲಿಲ್ಲ ರೀ. ಮಾವನ ಬಗ್ಗೆಯೂ ಒಂದು ಮಾತು ಹೇಳಿ. ಬಿಪಿ ಗುಳಿಗೆ ತಗೊಂಡು ಹತ್ತಬಹುದಾ?

ಆಸ್ಪತ್ರೆ ಅಕ್ಕ

ನೋಡದೆ ನಾನು ಹೂಂ ಅನ್ನುವುದಿಲ್ಲ. ಅವರ ಡಾಕ್ಟರನ್ನೇ ಕೇಳಿ. ಒಂದು ಮಾತ್ರ ಮರೆಯದೆ ಕೇಳಿಕೊಳ್ಳಿ. ಬಿಪಿ ಗುಳಿಗೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸುವ ಬಗೆಯೂ ಇದೆ. ಅದು ತಗೊಳ್ಳುವವರಿಗೆ ಈ ಸೆಕೆಯಲ್ಲಿ ಮೈಯ ನೀರು ಬೇಗ ಇಳಿಯುತ್ತದೆ, ಎದ್ದು ನಿಂತಾಗ ತಲೆ ಸುತ್ತುತ್ತದೆ. ಹಾಗಂತ ತಾವಾಗಿ ಗುಳಿಗೆ ಬಿಡಬಾರದು.

ಎಲ್ಲರಿಗೂ ಇನ್ನೊಂದು: ಮೂರು ಲೀಟರ್ ಬರೀ ನೀರು ಕುಡಿದರೆ ಸಾಲದು. ಉಪ್ಪು ಹೋಗಿರುತ್ತದೆ. ಒಂದು ಲೀಟರಿಗೆ ಒಆರ್‌ಎಸ್ ಕಲಸಿ. ನಮ್ಮೂರಲ್ಲಿ ಮುರುಗಲ (ಕೋಕಂ) ಪಾನಕಕ್ಕೆ ಉಪ್ಪು ಹಾಕಿ ಒಯ್ಯುತ್ತಾರೆ, ಅದೂ ಒಳ್ಳೆಯದೇ, ಬಿಪಿ ಇರುವವರು ಉಪ್ಪಿನ ಪ್ರಮಾಣವನ್ನೂ ಕೇಳಿಕೊಂಡಿರಲಿ. ನಡೆಯುತ್ತಾ ಯಾರಾದರೂ ಅಸಂಬದ್ಧ ಮಾತಾಡಲು ಶುರು ಮಾಡಿದರೆ, ಸುಮ್ನೆ ಸಿಟ್ಟು ಮಾಡಿದರೆ, ಹೆಜ್ಜೆ ತಪ್ಪಿದರೆ ಅದು ದಣಿವಲ್ಲ. ಬಿಸಿ ತಲೆಗೆ ಏರಿದೆ ಅಂತರ್ಥ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ. 112ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹೊಯ್ಯಬೇಡಿ.

ಬೆಂಕಿ ಕಾವಲು

ಮೂರು ಬೇಸಿಗೆಗೆ ಸಾಕಾಗುವಷ್ಟು ಮಾತು ಆಯಿತು, ಬೆಂಕಿ ಅಂತ ಒಬ್ಬರೂ ಎತ್ತಲಿಲ್ಲವಲ್ಲ!

ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರು ಊರಿನ ಹುಡುಗರನ್ನು ಬೆಂಕಿ ಕಾಯಲು ತಗೊಳ್ಳುತ್ತಾರೆ. ನಾನೂ ಆ ಕೆಲಸ ಮಾಡಿದವನು. ಬೆಂಕಿ ದಾಟದಂತೆ ಗೆರೆ ಕಡಿಯುವುದು, ಹೊಗೆ ಕಂಡರೆ ಓಡುವುದು, ಹಸಿ ಸೊಪ್ಪಿನಲ್ಲಿ ಬಡಿದು ಆರಿಸುವುದು. ನಮ್ಮ ಕಾಡಿಗೆ ತಾನಾಗಿ ಬೆಂಕಿ ಬೀಳುವುದು ಅಪರೂಪ. ಬೀಡಿ ತುಂಡು, ಜೇನು ತೆಗೆಯಲು ಹೊಗೆ ಹಾಕಿದವರು, ಬ್ಯಾಣದಲ್ಲಿ ಹೊಸ ಹುಲ್ಲು ಬರಲಿ ಅಂತ ಹಚ್ಚಿದವರು, ಈಗೀಗ ಮ್ಯಾಗಿ ಬೇಯಿಸಲು ಒಲೆ ಹೂಡುವ ಚಾರಣಿಗರು.

ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಏರು ಹತ್ತು ಡಿಗ್ರಿ ಜಾಸ್ತಿಯಾದರೆ ವೇಗ ಹೆಚ್ಚುಕಮ್ಮಿ ಎರಡು ಪಟ್ಟು. ಮುಂದಿನ ಎಲೆಯನ್ನು ಅದು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಕಡಿದಾದ ಏರಿನಲ್ಲಿ ನೀವು ಅದರ ಮುಂದೆ ಓಡಿ ಗೆಲ್ಲಲಾರಿರಿ. ಕೆಳಗೆ ಹೊಗೆ ಕಂಡರೆ ಮೇಲೆ ಓಡಬೇಡಿ, ಅಡ್ಡಕ್ಕೆ ಸರಿಯಿರಿ. ಬರೀ ಕಲ್ಲಿನ ಜಾಗ, ಒಣಗಿದ ಹಳ್ಳದ ಕಲ್ಲುಹಾಸು, ಆಗಲೇ ಸುಟ್ಟು ತಣ್ಣಗಾದ ಕಪ್ಪು ನೆಲ, ಇವು ಮೂರರಲ್ಲಿ ಯಾವುದು ಹತ್ತಿರವೋ ಅಲ್ಲಿಗೆ. ಪಾಲಿಯೆಸ್ಟರ್ ಟೀ ಶರ್ಟು ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿ ಬಟ್ಟೆ ಹಾಕಿ.

ಮತ್ತೆ ಅನುಮತಿ. ಬೆಂಕಿ ಕಾಲದಲ್ಲಿ ಇಲಾಖೆಯವರು ಎಷ್ಟೋ ಚಾರಣ ದಾರಿಗಳನ್ನು ಮುಚ್ಚುತ್ತಾರೆ. ಯಾವುದು ಯಾವಾಗ ಮುಚ್ಚುತ್ತದೆ ಅನ್ನುವುದು ಆಯಾ ವರ್ಷದ ಒಣಗು ನೋಡಿಕೊಂಡು. ಇಲಾಖೆಯ ಚಾರಣಗಳಿಗೆ ಅರಣ್ಯ ವಿಹಾರ ಅನ್ನುವ ಜಾಲತಾಣದಲ್ಲಿ ಬುಕಿಂಗ್ ಇದೆ. ಅದರಲ್ಲಿ ಹೆಸರಿಲ್ಲದ ದಾರಿ ಅಂದರೆ ಯಾರಪ್ಪನ ಅಪ್ಪಣೆಯೂ ಬೇಡ ಅಂತಲ್ಲ. ಕಾರವಾರದ ವಲಯ ಅರಣ್ಯ ಕಚೇರಿಗೆ ಹಿಂದಿನ ದಿನ ಹೋಗಿ ಕೇಳಿ. ಬೇಡ ಅಂದರೆ ಬೇಡ. ಕಾಡಿನಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ, ಒಲೆ ಅಂತ ಹೇಳಿದರೂ ಅದೇ.

ಶಾಲ್ಮಲೆ

ಹಾಗಾದರೆ ಊರಿನವರು ಬ್ಯಾಣಕ್ಕೆ ಹಚ್ಚಿದ ಬೆಂಕಿಗೆ ದಾರಿಹೋಕರ ಮೇಲೆ ಯಾಕೆ ಸಿಟ್ಟು ಅಣ್ಣಾ? ನಾಲ್ಕು ಜನ ಸುಮ್ನೆ ನಡೆದು ಹೋಗಿ ಬರುವುದರಿಂದ ಕಾಡಿಗೆ ಏನೂ ಆಗುವುದಿಲ್ಲ. ದಾರಿ ಮುಚ್ಚಿದರೆ ಕಣ್ಣೂ ಮುಚ್ಚುತ್ತವೆ. ಹೊಗೆ ಕಂಡು ಫೋನ್ ಮಾಡುವವರೂ ಇರುವುದಿಲ್ಲ.

ಬೆಂಕಿ ಕಾವಲು

ನಾಲ್ಕು ಜನರ ಮೇಲೆ ಸಿಟ್ಟಿಲ್ಲ. ಹೋದ ಬೇಸಿಗೆ ಒಂದು ಚಾರಣ ತಂಡದವರು ಎರಡು ಮಿನಿಬಸ್ಸು ತುಂಬಾ ಜನ ತಂದರು. ಅನುಮತಿ ಇರಲಿಲ್ಲ. ಹತ್ತು ಗಂಟೆಗೆ ಹತ್ತಲು ಶುರು ಮಾಡಿದರು. ಇಬ್ಬರು ಅರ್ಧದಲ್ಲಿ ಕುಸಿದರು. ಅವರನ್ನು ಬಿದಿರಿಗೆ ಕಂಬಳಿ ಕಟ್ಟಿ ಹೊತ್ತು ತಂದವರು ನಾವು, ಬೆಂಕಿ ಕಾಯುವ ಕೆಲಸ ಬಿಟ್ಟು. ಪ್ಲಾಸ್ಟಿಕ್ ಬಾಟಲಿ ಹೆಕ್ಕಲು ಇನ್ನೊಂದು ದಿನ. ಆ ಹೊತ್ತಲ್ಲಿ ಪಕ್ಕದ ಗುಡ್ಡಕ್ಕೆ ಬೆಂಕಿ ಬಿದ್ದಿದ್ದರೆ ಯಾರು ಓಡಬೇಕಿತ್ತು? ನೀವು ಹೇಳುವ ಕಣ್ಣಿನ ಮಾತು ಸರಿ ಇದೆ, ಆದರೆ ಬರುವವರೆಲ್ಲ ನಿಮ್ಮ ಹಾಗೆ ಸುರಗಿ ಮೂಸಲು ಬರುವವರಲ್ಲ.

ಶಾಲ್ಮಲೆ

ಮಿನಿಬಸ್ಸಿನವರ ಪರ ನಾನೂ ಇಲ್ಲ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಷ್ಟೇ.

ಕುಮಟೆಯವ

ಯಾಣದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಅಂತ ಗಾದೆ ಇತ್ತು. ಈಗ ಹತ್ತಿರದವರೆಗೆ ರಸ್ತೆ, ಮುಂದೆ ಮೆಟ್ಟಿಲು, ಸೊಕ್ಕೇನೂ ಬೇಕಾಗಿಲ್ಲ. ಮಾವನವರಿಗೂ ಆಗುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಸುಣ್ಣಕಲ್ಲು. ಶಿವರಾತ್ರಿಯ ಗದ್ದಲ ಮುಗಿದಿರುತ್ತದೆ, ಆರಾಮವಾಗಿ ನೋಡಬಹುದು.

ಎಚ್ಚರ ಇರಬೇಕಾದ್ದು ಹೆಜ್ಜೇನಿಗೆ. ತಲೆ ಎತ್ತಿ ನೋಡಿದರೆ ಬಂಡೆಯ ಮೈತುಂಬಾ ಜೇನುಗೂಡುಗಳು ಜೋತುಬಿದ್ದಿರುತ್ತವೆ. ಈಗ ಕಾಡೆಲ್ಲ ಹೂಬಿಟ್ಟ ಕಾಲ, ಜೇನು ತುಂಬಿರುತ್ತದೆ, ಕಾಯುವ ಹುಳವೂ ಜಾಸ್ತಿ. ಸೆಂಟು ಹೊಡೆದುಕೊಂಡು ಬರಬೇಡಿ. ಕೂಗಬೇಡಿ, ಕಲ್ಲು ಎಸೆಯಬೇಡಿ, ಊದುಬತ್ತಿಯನ್ನೂ ಗುಡಿಯ ಹತ್ತಿರ ಎಲ್ಲಿ ಹಚ್ಚಲು ಹೇಳುತ್ತಾರೋ ಅಲ್ಲೇ ಹಚ್ಚಿ. ಎದ್ದುಬಿಟ್ಟರೆ ನಿಂತು ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ, ದೂರ ಓಡಿ, ಮುಚ್ಚಿದ ಜಾಗ ಸೇರಿ. ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಿರಿ. ತುಂಬ ಹುಳ ಕಚ್ಚಿದ್ದರೆ, ಉಸಿರು ಕಟ್ಟಿದರೆ, ನೇರ ಆಸ್ಪತ್ರೆಗೆ.

ಯಾಣದಿಂದ ಶಿರಸಿಗೆ ಹೋಗುವಾಗ ಉಂಚಳ್ಳಿಗೂ ಹೋಗೋಣ ಅನಿಸಬಹುದು. 116 ಮೀಟರ್ ಜಲಪಾತ, ಅಘನಾಶಿನಿಯದು. ಮಾರ್ಚ್ ಕೊನೆಗೆ ನೀರು ಸೊರಗಿರುತ್ತದೆ. ಮೇಲಿನ ಕಟ್ಟೆಯಿಂದ ನೋಡಿ ಸಾಕು ಮಾಡಿ. ಬುಡಕ್ಕೆ ಇಳಿಯುವ ಸಾಹಸ ಬೇಡ. ಕಡಿದಾದ ಇಳಿಜಾರು, ಅದೇ ದರಕು, ಹಿಂದಿನ ದಿನ ಗುಡ್ಡಳ್ಳಿ ಇಳಿದ ಮಂಡಿ.

ದರಕು ಬುಟ್ಟಿ

ಕುಮಟೆಯವರೇ, ಉಂಚಳ್ಳಿ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಮಂಡಿ ನೋಯುವುದು ಮರುದಿನವೇ.

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಯುಗಾದಿ ತಪ್ಪಿ ಏಪ್ರಿಲ್ ನಡುವೆ ಅಥವಾ ಮೇಗೆ ಮುಂದೂಡಿದರೆ ಲೆಕ್ಕ ಬದಲಾಗುತ್ತದೆ. ಅಶ್ವಿನಿ, ಭರಣಿ ಮಳೆ ಶುರುವಾಗುವ ಹೊತ್ತು. ಬೆಳಿಗ್ಗೆ ಆಕಾಶ ಸ್ವಚ್ಛ, ಮಧ್ಯಾಹ್ನ ಮೂರರ ಮೇಲೆ ಘಟ್ಟದ ಕಡೆಯಿಂದ ಕಪ್ಪು ಕಟ್ಟಿಕೊಂಡು ಗುಡುಗು, ಸಿಡಿಲು. ತುದಿಯ ಬೋಳು ಜಾಗದಲ್ಲಿ ನಿಂತವರು, ಒಂಟಿ ಮರದಡಿ ನಿಂತವರು ಮೊದಲ ಬಲಿ. ಗುಡುಗು ಕೇಳಿತು ಅಂದರೆ ಸಿಡಿಲು ನಿಮ್ಮ ತನಕ ಬರುವಷ್ಟು ಹತ್ತಿರ ಇದೆ ಅಂತಲೇ ತಿಳಿದು ಇಳಿಯಿರಿ. ಮೊದಲ ಮಳೆ ಬಿದ್ದ ಮರುದಿನ ದರಕು ಒದ್ದೆಯಾಗಿ ಚೂರು ಹಿಡಿತ ಸಿಗುತ್ತದೆ. ಬರೀ ಕಲ್ಲು ಮಾತ್ರ ಹೆಚ್ಚು ಜಾರುತ್ತದೆ.

ಧಾರವಾಡದ ದಾರಿಹೋಕ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಮ್ಮಿ. ಮನೆಯಲ್ಲಿ ಓದಿ ತೋರಿಸಿದೆ. ಈಗ ಹೀಗೆ ಅಂತ ಮಾಡಿದ್ದೇವೆ: ಮಾವ ಗುಡ್ಡಳ್ಳಿಗೆ ಬರುವುದಿಲ್ಲ, ಅವರೇ ಬೇಡ ಅಂದರು, ಬೆಳಿಗ್ಗೆ ಕಡಲ ದಂಡೆಯಲ್ಲಿ ನಡೆಯುತ್ತಾರೆ. ಯಾಣಕ್ಕೆ ಬರುತ್ತಾರೆ. ನಾವು ಮೂವರು ಹಿಂದಿನ ದಿನ ಮಧ್ಯಾಹ್ನವೇ ಬಂದು ಅರಣ್ಯ ಕಚೇರಿಯಲ್ಲಿ ಕೇಳುತ್ತೇವೆ. ಒಪ್ಪಿದರೆ ಮಾತ್ರ ಮರುದಿನ ಐದೂವರೆಗೆ ಹೊರಡುವುದು. ಒಬ್ಬರಿಗೆ ಮೂರು ಲೀಟರ್, ಅದರಲ್ಲಿ ಒಂದು ಒಆರ್‌ಎಸ್. ಒಲೆ ಇಲ್ಲ, ಚಪಾತಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತೇವೆ. ಒಂಬತ್ತೂವರೆಗೆ ತಿರುಗುವುದು. ಏನಾದರೂ ಬಿಟ್ಟುಹೋಗಿದೆಯಾ?

ಕಡಲಗಾಳಿ

ಚಪಾತಿ ಒಣ ಆಯಿತು. ಆ ಸೆಕೆಯಲ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಮೊಸರನ್ನ ಒಯ್ಯಿರಿ, ಎಂಟು ಗಂಟೆಯೊಳಗೆ ತಿಂದು ಮುಗಿಸಿ. ಸೌತೆಕಾಯಿ ಇರಲಿ. ಸಿಗ್ನಲ್ ಎಲ್ಲ ಕಡೆ ಸಿಗುತ್ತದೆ ಅಂತ ನಂಬಬೇಡಿ, ಮಾವನವರಿಗೆ ಇಂಥ ಹೊತ್ತಿಗೆ ಬರದಿದ್ದರೆ ಫೋನ್ ಮಾಡಿ ಅಂತ ಒಂದು ಸಮಯ ಹೇಳಿ ಹೋಗಿ.

ಬೆಂಕಿ ಕಾವಲು

ಅನುಮತಿ ಕೇಳುತ್ತೇವೆ ಅಂದಿರಲ್ಲ, ಅಷ್ಟು ಸಾಕು. ಕಚೇರಿಯಲ್ಲಿ ಊರಿನ ಒಬ್ಬ ಹುಡುಗನನ್ನು ಜೊತೆಗೆ ಕಳಿಸಿ ಅಂತಲೂ ಕೇಳಿ ನೋಡಿ. ದಿನದ ಕೂಲಿ ಮೊದಲೇ ಮಾತಾಡಿಕೊಳ್ಳಿ, ಇಳಿದ ಮೇಲೆ ಚೌಕಾಸಿ ಮಾಡಬೇಡಿ. ಟಾರ್ಚ್ ಬೆಳಕಲ್ಲಿ ದನದ ಜಾಡನ್ನೇ ದಾರಿ ಅಂತ ಹಿಡಿದು ತಪ್ಪಿಸಿಕೊಳ್ಳುವವರು ಬಹಳ.

ಆಸ್ಪತ್ರೆ ಅಕ್ಕ

ಚಿಮಟ ಮರೆಯಬೇಡಿ.

ಹಬ್ಬುವಾಡ ತಿರುವು

ಎಲ್ಲ ಸರಿ ಇದೆ. ಗಾಡಿಯನ್ನು ಮನೆಯವರ ದಾರಿಗೆ ಅಡ್ಡ ನಿಲ್ಲಿಸಬೇಡಿ, ಮುಂಜಾನೆ ಮೀನು ಮಾರುವವರ ಗಾಡಿ ಬರುತ್ತದೆ. ಬುಡದಲ್ಲಿ ಗೇರು ಹಾಡಿಯ ಬೇಲಿ, ತಡಮೆ ಏನಾದರೂ ಸಿಕ್ಕರೆ ದಾಟಿದ ಮೇಲೆ ಮೊದಲಿದ್ದ ಹಾಗೇ ಮುಚ್ಚಿ. ದನ ನುಗ್ಗಿದರೆ ಬೈಸಿಕೊಳ್ಳುವವರು ನಾವು. ಬಿದ್ದ ಗೇರುಹಣ್ಣು ತಿನ್ನಿ, ಬೀಜ ಅಲ್ಲೇ ಬಿಡಿ.